ಮಾಡೆಲ್ ಕಾರು ಕಟ್ಟುವ ಖರ್ಚು: ನಂಬಿದ್ದೇನು, ನಿಜವೇನು

ಕಾರಿನ ಮಾಡೆಲ್ ಕಟ್ಟುವ ಹುಚ್ಚು ಹತ್ತಿದವರಿಗೆ ಚಾಮರಾಜನಗರ ಜಿಲ್ಲೆಯ ನಮ್ಮ ಒಡೆಯರಪಾಳ್ಯ ಅನುಕೂಲದ ಊರೇನಲ್ಲ. ಈ ಹವ್ಯಾಸದ ಸಾಮಾನಿಗೆಂದೇ ಇರುವ ಅಂಗಡಿಯನ್ನು ಲೊಕ್ಕನಹಳ್ಳಿ, ಹನೂರು, ಕೊಳ್ಳೇಗಾಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ಬೆಂಗಳೂರಿನಿಂದಲೋ ಆನ್‌ಲೈನಿನಲ್ಲೋ ತರಿಸಬೇಕು. ತರಿಸಲು ಹೊರಟರೆ ಜಪಾನಿನ ಒಂದು ಒಳ್ಳೆಯ ಕಿಟ್ಟಿಗೆ ಮೂರು ಸಾವಿರದ ಆಸುಪಾಸು ಬೆಲೆ. ಬಣ್ಣ, ಅಂಟು, ಕೊರಿಯರ್ ಬೇರೆ. ಆಸೆಪಟ್ಟ ಹುಡುಗರು ಅಲ್ಲಿಗೇ ಕೈಬಿಡುತ್ತಾರೆ. ಜೋಳದ ದಂಟಿನ ಬೆಂಡು, ಸಿಬಿರಿನಲ್ಲಿ ಎತ್ತಿನಗಾಡಿ ಮಾಡಿ, ಸವೆದ ಹವಾಯಿ ಚಪ್ಪಲಿ ಕತ್ತರಿಸಿ ಚಕ್ರ ಹಾಕಿ ಪಳಗಿದ ಕೈಗಳು ಅವು. ಅಂಥ ಕೈಗಳು ಸುಮ್ಮನಾಗುವುದು ನನಗೆ ಸಹಿಸಲಾಗದ ಸಂಗತಿ. ಅವನ್ನು ಸುಮ್ಮನಾಗಿಸುತ್ತಿರುವುದು ಬರೀ ಬೆಲೆಯಲ್ಲ, ಬೆಲೆಯ ಬಗ್ಗೆ ಎಲ್ಲರೂ ನಂಬಿಕೊಂಡಿರುವ ಕೆಲವು ತಪ್ಪು ಮಾತುಗಳು ಕೂಡ.

“ಕಿಟ್ ಇಲ್ಲದೆ ಮಾಡೆಲ್ ಇಲ್ಲ”

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ಮಾತು ಇದು. ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಭಾಗಗಳ ಡಬ್ಬ ಈ ಹವ್ಯಾಸಕ್ಕೆ ಇರುವ ಒಂದು ದಾರಿ ಮಾತ್ರ. ಕರ್ನಾಟಕ ಮತ್ತು ಕೇರಳದಲ್ಲಿ ಕೆಎಸ್‌ಆರ್‌ಟಿಸಿ ಬಸ್ಸು, ಖಾಸಗಿ ಬಸ್ಸು, ಲಾರಿಗಳ ಪುಟ್ಟ ಮಾಡೆಲ್ ಕಟ್ಟುವ ಯುವಕರು ಎಷ್ಟೋ ಜನ ಇದ್ದಾರೆ. ಅವರ ಕೈಯಲ್ಲಿರುವುದು ಸನ್‌ಬೋರ್ಡ್, ಅಂದರೆ ಅಂಗಡಿಗಳ ನಾಮಫಲಕಕ್ಕೆ ಬಳಸುವ ಹಗುರವಾದ ಹಾಳೆ. ನಮ್ಮ ಕೆಂಪು ಬಸ್ಸಿನ ಕಿಟ್ಟನ್ನು ಟಾಮಿಯಾ ಕಂಪನಿ ಮಾಡಿಲ್ಲ, ರೆವೆಲ್ ಕಂಪನಿಯೂ ಮಾಡಿಲ್ಲ. ಬೇಕೆಂದವರು ತಾವೇ ಅಳೆದು ಕತ್ತರಿಸಿದರು. ಅವರ ಬಸ್ಸಿನ ಕಿಟಕಿ ಸರಳು, ಏಣಿ, ಮಾರ್ಗಫಲಕ ನೋಡಿದವರು ಅದನ್ನು ಕಿಟ್ಟಿಗಿಂತ ಕಡಿಮೆ ಎನ್ನಲಾರರು.

ಕಾರಿಗೂ ಇದೇ ದಾರಿ ನಡೆಯುತ್ತದೆ. ಮಾರುತಿ 800 ತೆಗೆದುಕೊಳ್ಳಿ. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದು 2014ರವರೆಗೆ ತಯಾರಾದ ಗಾಡಿ, ಇವತ್ತಿಗೂ ನಮ್ಮ ಕಡೆ ಓಡಾಡುತ್ತಿದೆ, ಪಕ್ಕದಲ್ಲಿ ನಿಂತು ನೋಡಬಹುದು. ಎರಡನೇ ತಲೆಮಾರಿನ 800ರ ಉದ್ದ 3,335 ಮಿ.ಮೀ., ಅಗಲ 1,440, ಎತ್ತರ 1,405. ಮಾಡೆಲ್ 1:24 ಅಳತೆಯದಾಗಲು, ಅಂದರೆ ಅಸಲಿಯ ಇಪ್ಪತ್ತನಾಲ್ಕನೇ ಒಂದು ಭಾಗದಷ್ಟಾಗಲು, ಪ್ರತಿಯೊಂದನ್ನೂ 24ರಿಂದ ಭಾಗಿಸಿ. ಉದ್ದ 13.9 ಸೆಂ.ಮೀ., ಅಗಲ ಸರಿಯಾಗಿ 6, ಎತ್ತರ 5.9ರ ಹತ್ತಿರ. ಮುಂದಿನ ಹಿಂದಿನ ಚಕ್ರಗಳ ನಡುವೆ 9 ಸೆಂ.ಮೀ. ಟೈರು ಸುಮಾರು 21 ಮಿ.ಮೀ. ವ್ಯಾಸ. ಅಂಗೈಯಲ್ಲಿ ಕೂರುವ ಗಾಡಿ ಸಿದ್ಧವಾಯಿತು, ಕಾಗದದ ಮೇಲೆ.

ಕಾರಿನ ಪಕ್ಕದ ನೋಟ, ಮುಂದಿನ ನೋಟದ ಚಿತ್ರವನ್ನು ಝೆರಾಕ್ಸ್ ಅಂಗಡಿಯಲ್ಲಿ ಈ ಅಳತೆಗೆ ಪ್ರಿಂಟ್ ಹಾಕಿಸಿ, ಅದನ್ನೇ ಸನ್‌ಬೋರ್ಡಿನ ಮೇಲೆ ಅಂಟಿಸಿ ಕತ್ತರಿಸಬೇಕು. ಬೋರ್ಡ್ ಬರೆಯುವವರ ಹತ್ತಿರ ಕತ್ತರಿಸಿ ಉಳಿದ ತುಂಡುಗಳು ಬಿದ್ದಿರುತ್ತವೆ, ಕೇಳಿದರೆ ಕೊಡುತ್ತಾರೆ. ಕಿಟಕಿಯ ತೆಳು ಕಂಬಗಳಿಗೆ ಆ ಹಾಳೆ ದಪ್ಪವಾಗುತ್ತದೆ, ಅಲ್ಲಿ ಗಟ್ಟಿ ರಟ್ಟು ಸಾಕು. ಗಾಜಿಗೆ ಹೊಸ ಶರ್ಟಿನ ಡಬ್ಬದ ಪಾರದರ್ಶಕ ಹಾಳೆ. ಟೈರಿಗೆ ಅದೇ ಹಳೆಯ ಚಪ್ಪಲಿ. ನಂಬರ್ ಪ್ಲೇಟಿಗೂ ಲೆಕ್ಕವಿದೆ: ಅಸಲಿ ಪ್ಲೇಟು 500 ಮಿ.ಮೀ. ಉದ್ದ, 120 ಮಿ.ಮೀ. ಎತ್ತರ. 24ರಿಂದ ಭಾಗಿಸಿದರೆ ಹತ್ತಿರಹತ್ತಿರ 21ಕ್ಕೆ 5. ಅಷ್ಟು ಜಾಗದಲ್ಲಿ ಕೆಎ 10 ಎಂದು ಅಚ್ಚಾಗಿ ಕೂತಾಗ ಅದು ಚಾಮರಾಜನಗರ ಜಿಲ್ಲೆಯ ಗಾಡಿಯಾಗುತ್ತದೆ. ಯಾವ ವಿದೇಶಿ ಡಬ್ಬದಲ್ಲೂ ಸಿಗದ ಭಾಗ ಇದು.

ಮೊದಲ ಕಾರಿಗೆ ಚೌಕಾಕಾರದ ಗಾಡಿಯನ್ನೇ ಆರಿಸಿ. ಅಂಬಾಸಡರ್‌ನ ದುಂಡು ಬಾನೆಟ್ಟು ಹಾಳೆಯಲ್ಲಿ ಬರುವುದಿಲ್ಲ. ಅದಕ್ಕೆ ಮೆತ್ತನೆಯ ಮರ ಕೆತ್ತಿ, ಮೇಲೆ ಪುಟ್ಟಿ ಹಾಕಿ ಉಜ್ಜಬೇಕು. ಅದು ಮುಂದಿನ ಮೆಟ್ಟಿಲು.

“ಅಂಗಡಿಯವರ ಆಸೆಯಿಂದ ಬೆಲೆ ಏರಿತು”

ಕಿಟ್ಟೇ ಬೇಕೆನ್ನುವವರ ದೂರು ಇದು. ಅವರ ಸಿಟ್ಟು ನ್ಯಾಯವೇ, ಆದರೆ ಅಂಗಡಿಯವರನ್ನು ಬೈದು ಫಲವಿಲ್ಲ. ಸುಂಕದ ಪಟ್ಟಿಯಲ್ಲಿ ಅಳತೆಗೆ ತಕ್ಕ ಮಾಡೆಲ್‌ಗಳಿಗೆ ಬೇರೆ ಜಾಗವಿಲ್ಲ. ಗೊಂಬೆ, ಮೂರು ಚಕ್ರದ ಸೈಕಲ್ಲುಗಳ ಜೊತೆಗೆ 9503 ಎಂಬ ಒಂದೇ ಶೀರ್ಷಿಕೆಯಡಿ ಅವೂ ಇವೆ. ನಲವತ್ತರ ವಯಸ್ಸಿನವರು ಭೂತಗನ್ನಡಿ ಹಿಡಿದು ಕಟ್ಟುವ ಕಾರೂ ಕಾನೂನಿನ ಲೆಕ್ಕದಲ್ಲಿ ಆಟಿಕೆಯೇ. ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು.

ಸಾವಿರ ರೂಪಾಯಿಗೆ ಬಂದರಿಗೆ ಬಂದಿಳಿದ ಕಿಟ್ಟನ್ನೇ ಲೆಕ್ಕ ಹಾಕೋಣ. ಸಣ್ಣಪುಟ್ಟ ಕರಗಳನ್ನು ಬದಿಗಿಟ್ಟರೆ, ಹಳೆಯ ಶೇ 20ರ ಸುಂಕ, ಅದರ ಮೇಲೆ ಶೇ 12 ಜಿಎಸ್‌ಟಿ ಸೇರಿ 1,344 ರೂಪಾಯಿ. ಶೇ 70ರ ಸುಂಕ ಬಂದ ಮೇಲೆ ಅದೇ ಕಿಟ್ಟು 1,904. ಎಲೆಕ್ಟ್ರಾನಿಕ್ ಅಲ್ಲದ ಆಟಿಕೆಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿದ್ದರಿಂದ ಅದು 1,785ಕ್ಕೆ ಬಂತು. ಸಾಗಣೆ, ಅಂಗಡಿಯ ಲಾಭ ಇದರ ಮೇಲೆ. ಜೊತೆಗೆ ರೂಪಾಯಿಯ ಕಥೆ ಇದೆ: 2011ರ ಆರಂಭದಲ್ಲಿ ಡಾಲರಿಗೆ 45 ರೂಪಾಯಿಯ ಆಸುಪಾಸು ಇತ್ತು, 2023ರ ಹೊತ್ತಿಗೆ 83ರ ಹತ್ತಿರ. ವಿದೇಶಿ ಕಂಪನಿ ಒಂದು ಸೆಂಟ್ ಹೆಚ್ಚಿಸದಿದ್ದರೂ ನಮಗೆ ಬೆಲೆ ದುಪ್ಪಟ್ಟಿನ ಹತ್ತಿರ ಬಂದಂತೆಯೇ.

ಸುಂಕದ ಜೊತೆಗೆ ಇನ್ನೊಂದು ನಿಯಮವೂ ಬಂತು: 2021ರ ಜನವರಿ 1ರಿಂದ, 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಮಕ್ಕಳ ಸುರಕ್ಷೆಯ ದೃಷ್ಟಿಯಿಂದ ಇದು ಬೇಕಾಗಿದ್ದ ನಿಯಮ. ದೇಶದ ಆಟಿಕೆ ತಯಾರಕರಿಗೆ ಸುಂಕದಿಂದ ಆಸರೆ ಸಿಕ್ಕಿದ್ದನ್ನೂ ನಾನು ಅಲ್ಲಗಳೆಯುವುದಿಲ್ಲ. ಆದರೆ ದೊಡ್ಡವರು ಕಟ್ಟುವ ಕಿಟ್ಟನ್ನು ಮಕ್ಕಳ ಪೀಪಿಯ ಜೊತೆ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಿಟ್ಟಿನ ಮೂಲ ಬೆಲೆಯೂ ಸುಮ್ಮನೆ ಹುಟ್ಟಿದ್ದಲ್ಲ. 1976ರಲ್ಲಿ 1:12 ಅಳತೆಯ ಪೋರ್ಷೆ 934 ಹೊರತರುವ ಮುಂಚೆ ಟಾಮಿಯಾದವರು ಅಸಲಿ ಪೋರ್ಷೆ 911 ಕಾರೊಂದನ್ನು ಕೊಂಡು, ಬಿಚ್ಚಿ, ಒಂದೊಂದು ಭಾಗವನ್ನೂ ಅಧ್ಯಯನ ಮಾಡಿದ್ದರು. ಉಕ್ಕಿನ ಅಚ್ಚಿನ ಖರ್ಚು, ಕಾರು ಕಂಪನಿಗೆ ಕೊಡಬೇಕಾದ ಪರವಾನಗಿ ಹಣ ಎಲ್ಲವೂ ಡಬ್ಬದ ಬೆಲೆಯಲ್ಲಿ ಸೇರಿರುತ್ತವೆ.

“ವಿದೇಶದಲ್ಲಿರುವ ನೆಂಟರ ಕೈಯಲ್ಲಿ ಗಿಫ್ಟ್ ಅಂತ ಬರೆಸಿ ಕಳಿಸಿಕೊಂಡರೆ ಸುಂಕವಿಲ್ಲ” ಎಂಬ ಉಪಾಯವೂ ಚಲಾವಣೆಯಲ್ಲಿದೆ. ಅದರ ಕಾಲ ಮುಗಿದಿದೆ. 2019ರ ಡಿಸೆಂಬರಿನಲ್ಲಿ ಸರ್ಕಾರ ಆ ದಾರಿ ಮುಚ್ಚಿತು. ಅಂಚೆ, ಕೊರಿಯರಿನಲ್ಲಿ ಉಡುಗೊರೆ ಎಂದು ಸುಂಕವಿಲ್ಲದೆ ತರಿಸಲು ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ವಿನಾಯಿತಿ ಉಳಿಯಿತು. ಮಾಡೆಲ್ ಕಾರಿಗೆ ಸುಂಕ ಕಟ್ಟಲೇಬೇಕು.

“ಹವ್ಯಾಸದ ಬಣ್ಣ, ಹವ್ಯಾಸದ ಉಪಕರಣವೇ ಆಗಬೇಕು”

ಕಿಟ್ಟಿಗಿಂತ ಹೆಚ್ಚು ದುಡ್ಡು ಸೋರುವುದು ಇಲ್ಲಿ. ಪುಟ್ಟ ಸೀಸೆಯ ಬಣ್ಣ, ಪುಟ್ಟ ಟ್ಯೂಬಿನ ಪುಟ್ಟಿ, ಹೆಸರಾಂತ ಕಂಪನಿಯ ಉಜ್ಜುವ ಕಾಗದ, ಕೊನೆಗೆ ಏರ್‌ಬ್ರಶ್ ಮತ್ತು ಕಂಪ್ರೆಸರ್. ಮೂಗಿಗಿಂತ ಮೂಗುತಿ ಭಾರ.

ಕೊಳ್ಳೇಗಾಲದ ಯಾವುದಾದರೂ ಟಿಂಕರಿಂಗ್ ಪೇಂಟಿಂಗ್ ಶೆಡ್ಡಿಗೆ ಹೋಗಿ ಅರ್ಧ ಗಂಟೆ ನಿಂತು ನೋಡಿ. ತಗ್ಗಿಗೆ ಪುಟ್ಟಿ ಹಾಕುವುದು, ಒಣಗಿದ ಮೇಲೆ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜುವುದು, ಪ್ರೈಮರ್, ಬಣ್ಣ, ಕೊನೆಗೆ ರಬ್ಬಿಂಗ್ ಕಾಂಪೌಂಡಿನ ಹೊಳಪು. ಮಾಡೆಲ್ ಕಾರಿಗೂ ಇದೇ ಕ್ರಮ, ಬಹುಪಾಲು ಇದೇ ಸಾಮಾನು. 400, 800, 1000, 2000 ನಂಬರಿನ ವಾಟರ್ ಪೇಪರ್ ಗಾಡಿ ಬಣ್ಣದ ಅಂಗಡಿಯಲ್ಲಿ ಬಿಡಿಹಾಳೆಯಾಗಿ ಸಿಗುತ್ತದೆ. ಒಂದು ಹಾಳೆ ಕತ್ತರಿಸಿಕೊಂಡರೆ ಇಡೀ ಕಾರಿಗೆ ಸಾಕು. ಶೆಡ್ಡಿನ ಕೆಲಸಗಾರರಲ್ಲಿ ವಿನಯದಿಂದ ಕೇಳಿದರೆ, ಯಾವ ಪುಸ್ತಕದಲ್ಲೂ ಇಲ್ಲದ ಪಾಠ ಸಿಗುತ್ತದೆ. “ಅಣ್ಣಾ, ಇಲ್ಯಾಕೆ ಬಣ್ಣ ಸುಕ್ಕಾಯ್ತು?” ಎಂದರೆ ಬೆರಳಿಟ್ಟು ತೋರಿಸುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಕಿಟ್ಟಿನ ಭಾಗಗಳು ಸಾಮಾನ್ಯವಾಗಿ ಪಾಲಿಸ್ಟೈರಿನ್. ಗಾಡಿ ಬಣ್ಣದ ಥಿನ್ನರ್ ಅದನ್ನು ಕರಗಿಸುತ್ತದೆ. ತಗಡಿನ ಮೇಲೆ ಹೊಡೆದಂತೆ ಒಂದೇ ಸಲ ದಪ್ಪಗೆ ಹೊಡೆದರೆ ಕಾರಿನ ಮೈ ಬಿರುಕಿನಿಂದ ತುಂಬುತ್ತದೆ. ಮೊದಲು ಸೋಪು ನೀರಿನಲ್ಲಿ ತೊಳೆದು ಅಚ್ಚಿನ ಎಣ್ಣೆ ಅಂಶ ತೆಗೆಯಿರಿ. ಆಮೇಲೆ ದೂರದಿಂದ ತೆಳ್ಳಗೆ, ಒಣಗಲು ಬಿಟ್ಟು ಬಿಟ್ಟು ಪ್ರೈಮರ್ ಹಾಕಿ. ಕಾರಿನ ಮೇಲೆ ಹೊಡೆಯುವ ಮುಂಚೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚದ ಬೆನ್ನಿನ ಮೇಲೆ ಪರೀಕ್ಷಿಸಿ. ಚಮಚದ ಮೇಲೆ ತ್ರಿಕೋನದೊಳಗೆ 6 ಎಂಬ ಅಂಕಿ ಇದ್ದರೆ ಅದೂ ಪಾಲಿಸ್ಟೈರಿನ್, ಹಾಗಾಗಿ ಅದರ ಮೇಲೆ ಆದದ್ದೇ ಕಾರಿನ ಮೇಲೂ ಆಗುತ್ತದೆ. 5 ಎಂದಿದ್ದರೆ ಪಾಲಿಪ್ರೊಪಿಲಿನ್, ಪರೀಕ್ಷೆಗೆ ಬಾರದು.

ಅಂಟಿನ ವಿಷಯವೂ ಹೀಗೆಯೇ. ಫೆವಿಕ್ವಿಕ್ ಸಾಕಷ್ಟು ಕೆಲಸ ಮಾಡುತ್ತದೆ, ಆದರೆ ಕಿಟಕಿ ಗಾಜಿನ ಹತ್ತಿರ ತರಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಅಲ್ಲಿಗೆ ಮರಗೆಲಸದ ಬಿಳಿ ಫೆವಿಕಾಲೇ ಸರಿ, ಒಣಗಿದರೆ ಕಾಣುವುದೂ ಇಲ್ಲ. ಕಿಟ್ಟಿನ ಭಾಗಗಳನ್ನು ಹಿಡಿದಿದ್ದ ಚೌಕಟ್ಟಿನ ಕಡ್ಡಿ ಎಸೆಯಬೇಡಿ. ಮೇಣದ ಬತ್ತಿಯ ಜ್ವಾಲೆಯ ಮೇಲೆ ತುಸು ಎತ್ತರಕ್ಕೆ ಹಿಡಿದು, ಮೆತ್ತಗಾದಾಗ ಎರಡೂ ಕಡೆ ಎಳೆದರೆ ಕೂದಲೆಳೆಯಂಥ ನೂಲು ಬರುತ್ತದೆ. ರೇಡಿಯೊ ಆಂಟೆನಾಕ್ಕೆ ಅದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ಏರ್‌ಬ್ರಶ್ ಇಲ್ಲದಿದ್ದರೆ ಹಾರ್ಡ್‌ವೇರ್ ಅಂಗಡಿಯ ಸ್ಪ್ರೇ ಡಬ್ಬಿ ಮೈಗೆ, ಕುಂಚ ಒಳಭಾಗಕ್ಕೆ. ವರ್ಷಕ್ಕೆ ಒಂದೆರಡು ಕಾರು ಕಟ್ಟುವವರಿಗೆ ಕಂಪ್ರೆಸರ್ ಕೊಳ್ಳುವ ಅಗತ್ಯವೇ ಇಲ್ಲ.

“ಚಿಕ್ಕದು ಅಗ್ಗ”

ಅರ್ಧ ನಿಜ. 1:12ರ ಕಾರು 1:24ರ ಎರಡರಷ್ಟು ಉದ್ದ, ಆದರೆ ಬಣ್ಣ ಬಳಿಯುವ ಮೈ ನಾಲ್ಕರಷ್ಟು. ಹಾಗಾಗಿ ದೊಡ್ಡದಾದಂತೆ ಸಾಮಾನಿನ ಖರ್ಚು ನೆಗೆಯುವುದು ಹೌದು. ಆದರೆ 1:43ರ ಪುಟ್ಟ ರೆಸಿನ್ ಕಿಟ್ಟುಗಳು ಎಷ್ಟೋ ಸಲ 1:24ರ ಪ್ಲಾಸ್ಟಿಕ್ ಕಿಟ್ಟಿಗಿಂತ ದುಬಾರಿ. ರೆಸಿನ್ ಎರಕ ಹೊಯ್ಯುವುದು ರಬ್ಬರಿನ ಅಚ್ಚಿನಲ್ಲಿ, ಕೆಲವು ಹತ್ತು ಪ್ರತಿ ತೆಗೆಯುವಷ್ಟರಲ್ಲಿ ಅಚ್ಚು ಹಾಳಾಗುತ್ತದೆ. ಉಕ್ಕಿನ ಅಚ್ಚು ಬಹುಕಾಲ ಬಾಳುತ್ತದೆ. ಬೆಲೆಯನ್ನು ತೀರ್ಮಾನಿಸುವುದು ಕಾರಿನ ಗಾತ್ರಕ್ಕಿಂತ ಎಷ್ಟು ಪ್ರತಿ ತಯಾರಾಯಿತು ಎಂಬುದು.

“ಈಗಲೇ ಕೊಂಡಿಡು, ಮುಂದೆ ಬೆಲೆ ಬರುತ್ತೆ”

ಬೆಲೆ ಏರುತ್ತಿರುವಾಗ ಈ ಮಾತು ಜಾಣತನದಂತೆ ಕೇಳಿಸುತ್ತದೆ. ಕಟ್ಟದ ಡಬ್ಬಗಳು ಬೀರುವಿನ ಮೇಲೆ ಸಾಲುಗಟ್ಟುವುದು ಹೀಗೆಯೇ. ಆದರೆ ಕಂಪನಿಗಳು ಹಳೆಯ ಅಚ್ಚಿನಿಂದಲೇ ಮತ್ತೆ ಮತ್ತೆ ತಯಾರಿಸಿ ಹೊಸ ಡಬ್ಬದಲ್ಲಿ ಬಿಡುತ್ತವೆ. ಹಾಗೆ ಮರುಬಿಡುಗಡೆಯಾದ ದಿನ ಕೂಡಿಟ್ಟವರ ‘ಅಪರೂಪದ’ ಡಬ್ಬದ ಬೆಲೆ ಇಳಿಯುತ್ತದೆ. ಒಳಗಿನ ಸಾಮಾನೂ ಕಾಯುವುದಿಲ್ಲ. ಅಂಟಿಸುವ ಚಿತ್ರಗಳು ಹಳದಿಯಾಗುತ್ತವೆ, ಅಂಟು ಗಟ್ಟಿಯಾಗುತ್ತದೆ. ಮೃದು ವಿನೈಲ್ ಟೈರು ಪ್ಲಾಸ್ಟಿಕ್ ಭಾಗಕ್ಕೆ ತಗುಲಿಕೊಂಡೇ ವರ್ಷಗಟ್ಟಲೆ ಇದ್ದರೆ, ಟೈರಿನಿಂದ ಒಸರುವ ಅಂಶ ಆ ಪ್ಲಾಸ್ಟಿಕ್ಕನ್ನೇ ಕರಗಿಸಿಬಿಡುತ್ತದೆ. ಹಳೆಯ ಡಬ್ಬ ಇದ್ದವರು ಇವತ್ತೇ ತೆರೆದು ಟೈರುಗಳನ್ನು ಬೇರೆ ಕವರಿಗೆ ಹಾಕಿಡಿ.

ಖರ್ಚನ್ನು ಡಬ್ಬದ ಲೆಕ್ಕದಲ್ಲಿ ನೋಡದೆ ಗಂಟೆಯ ಲೆಕ್ಕದಲ್ಲಿ ನೋಡಿ. ಮೂರು ಸಾವಿರದ ಕಿಟ್ಟನ್ನು 60 ಗಂಟೆ ಕೂತು ಕಟ್ಟಿದರೆ ಗಂಟೆಗೆ 50 ರೂಪಾಯಿ. ಅದೇ ಕಿಟ್ಟನ್ನು ಅವಸರದಲ್ಲಿ 15 ಗಂಟೆಗೆ ಮುಗಿಸಿದರೆ ಗಂಟೆಗೆ 200. ಕಟ್ಟದೆ ಇಟ್ಟರೆ ಮೂರು ಸಾವಿರವೂ ಬೀರುವಿನ ಮೇಲೆ. ಒಂದು ಮುಗಿಯುವವರೆಗೆ ಇನ್ನೊಂದು ಕೊಳ್ಳುವುದಿಲ್ಲ ಎಂಬ ಒಂದೇ ಕಟ್ಟುಪಾಡು ಯಾವ ರಿಯಾಯಿತಿಗಿಂತಲೂ ಹೆಚ್ಚು ಉಳಿಸುತ್ತದೆ.

“ಎಲ್ಲದರಲ್ಲೂ ಉಳಿಸಬಹುದು”

ಇದೂ ತಪ್ಪೇ. ಮೊಂಡು ಬ್ಲೇಡಿಗೆ ಹೆಚ್ಚು ಒತ್ತಬೇಕು, ಒತ್ತಿದಾಗಲೇ ಅದು ಜಾರಿ ಬೆರಳಿಗೆ ತಗಲುವುದು. ಹವ್ಯಾಸದ ಚಾಕುವಿನ ಬದಲು ಸರ್ಜಿಕಲ್ ಸಾಮಾನಿನ ಅಂಗಡಿಯಲ್ಲಿ 3ನೇ ನಂಬರಿನ ಹಿಡಿ, 11ನೇ ನಂಬರಿನ ಬ್ಲೇಡು ಕೇಳಿ. ಚೂಪು ಮೊನೆಯ ಈ ಬ್ಲೇಡಿನ ಬೆಲೆ ಕಡಿಮೆ, ಹಾಗಾಗಿ ಧಾರಾಳವಾಗಿ ಬದಲಿಸಿ. ಕತ್ತರಿಸುವಾಗ ಉಕ್ಕಿನ ಅಡಿಕೋಲೇ ಬೇಕು, ಪ್ಲಾಸ್ಟಿಕ್ ಅಡಿಕೋಲನ್ನು ಬ್ಲೇಡು ಕೊರೆದುಬಿಡುತ್ತದೆ.

ಬಣ್ಣ, ಥಿನ್ನರಿನ ಆವಿಗೆ ಧೂಳು ತಡೆಯುವ ಬಟ್ಟೆ ಮಾಸ್ಕ್ ಏನೂ ಮಾಡದು. ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಕೊಳ್ಳಿ. ಅದಾಗುವವರೆಗೆ ಸ್ಪ್ರೇ ಕೆಲಸ ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಮಕ್ಕಳು ಮತ್ತು ಒಲೆಯಿಂದ ದೂರ. ಮಳೆ ಹಿಡಿದ ದಿನ ಸ್ಪ್ರೇ ಬೇಡವೇ ಬೇಡ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿಕೊಂಡು ಹೊಳಪಿನ ಮೈ ಬೂದು ಬಡಿದಂತೆ ಬೆಳ್ಳಗಾಗುತ್ತದೆ, ಮತ್ತೆ ಉಜ್ಜಿ ಮತ್ತೆ ಬಣ್ಣ ಕೊಳ್ಳಬೇಕಾಗುತ್ತದೆ. ನಮ್ಮ ಕಾಡಂಚಿನ ಊರುಗಳಲ್ಲಿ ಮಳೆಗಾಲದ ತಿಂಗಳುಗಳನ್ನು ಕತ್ತರಿಸುವುದಕ್ಕೆ, ಉಜ್ಜುವುದಕ್ಕೆ, ಒಳಗಿನ ಸೀಟು ಮತ್ತು ಡ್ಯಾಶ್‌ಬೋರ್ಡಿಗೆ ಕುಂಚದಿಂದ ಬಣ್ಣ ಹಾಕುವುದಕ್ಕೆ ಇಟ್ಟುಕೊಂಡು, ಮೈಬಣ್ಣವನ್ನು ಒಣಹವೆ ಬರುವವರೆಗೆ ಮುಂದೂಡಿದರೆ ಒಂದೇ ಡಬ್ಬಿಯಲ್ಲಿ ಕೆಲಸ ಮುಗಿಯುತ್ತದೆ.