ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್: ಮಳೆಗಾಲದಲ್ಲಿ ಎಮಲ್ಶನ್ ಒಣಗಿಸುವುದೇ ದೊಡ್ಡ ಕೆಲಸ

ಮುಂಬಯಿ: ಸಂಘದ ಕಾರ್ಯಕ್ರಮಕ್ಕೆ 50 ಟೀ-ಶರ್ಟು, 100 ಆಮಂತ್ರಣ ಪತ್ರಿಕೆ ಸಾಕೆಂದಾದರೆ ಮನೆಯಲ್ಲೇ ಸ್ಕ್ರೀನ್ ಪ್ರಿಂಟಿಂಗ್ ಮಾಡಿಕೊಳ್ಳಬಹುದು. ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಗೆ ದ್ರವರೂಪದ ಎಮಲ್ಶನ್ ತೆಳುವಾಗಿ ಸವರಿ, ಕತ್ತಲಲ್ಲಿ ಒಣಗಿಸಿ, ಮೇಲೆ ಕಪ್ಪು ಅಕ್ಷರಗಳ ಫಿಲ್ಮ್ ಇಟ್ಟು ಬೆಳಕಿಗೆ ಒಡ್ಡಬೇಕು. ಬೆಳಕು ತಾಗಿದ ಭಾಗ ಗಟ್ಟಿಯಾಗುತ್ತದೆ. ಅಕ್ಷರದ ನೆರಳಲ್ಲಿದ್ದುದು ನೀರಿಗೆ ಕರಗಿ ಶಾಯಿಗೆ ದಾರಿ ಬಿಡುತ್ತದೆ.

ಮಳೆಗಾಲದಲ್ಲಿ ಹೆಚ್ಚಿನವರು ಸೋಲುವುದು ಒಣಗಿಸುವಲ್ಲೇ. ಮುಟ್ಟಿದರೆ ಒಣಗಿದಂತಿದ್ದರೂ ಒಳಗೆ ತೇವ ಉಳಿದಿದ್ದರೆ, ತೊಳೆಯುವಾಗ ಅಕ್ಷರದ ಜತೆ ಸುತ್ತಲಿನದೂ ಕಿತ್ತು ಬರುತ್ತದೆ. ಬೆಳಕು ಸಾಲಲಿಲ್ಲವೆಂದು ಭಾವಿಸಿ ಹೆಚ್ಚು ಹೊತ್ತು ಒಡ್ಡಿದರೆ ಕನ್ನಡದ ಸಣ್ಣ ಒತ್ತಕ್ಷರಗಳು ಮುಚ್ಚಿಹೋಗುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಈ ಕಷ್ಟ ಕಡಿಮೆ! ಕತ್ತಲ ಕೋಣೆಯಲ್ಲಿ ಫ್ಯಾನ್ ಹಾಕಿ ರಾತ್ರಿಯಿಡೀ ಒಣಗಲು ಬಿಡುವುದು ಲೇಸು.

ಆದರೆ ಅಗ್ಗವೆಂದು ಬೈಕ್ರೋಮೇಟ್ ಬೆರೆಸಿದರೆ ಅಷ್ಟು ಹೊತ್ತು ಕಾಯುವಂತಿಲ್ಲ. ಆ ಲೇಪ ಕತ್ತಲಲ್ಲೂ ನಿಧಾನಕ್ಕೆ ಗಟ್ಟಿಯಾಗುತ್ತದೆ. ಮೇಲಾಗಿ ಅದು ಚರ್ಮಕ್ಕೆ ಕೆಡುಕು, ಕ್ಯಾನ್ಸರ್‌ಕಾರಕ. ಅಡುಗೆಮನೆಯ ಸಿಂಕಿನಲ್ಲೇ ಎಲ್ಲವನ್ನೂ ತೊಳೆಯುವ ಒಂದು ಕೋಣೆಯ ಮನೆಗಳಿಗೆ ಅದು ಸಲ್ಲದು. ಬೆಲೆ ತುಸು ಹೆಚ್ಚಾದರೂ ಡಯಾಝೊ ಬೆರೆಸುವ ಎಮಲ್ಶನ್ ಕೊಳ್ಳಬೇಕು. ಬೆರೆಸಿದ ಮೇಲೂ ತಂಪಾದ, ಬೆಳಕು ಬೀಳದ ಜಾಗದಲ್ಲಿ ಅದು ಕೆಲವು ವಾರ ಬಾಳುತ್ತದೆ.