ಸ್ಕೂಟರ್ ಬ್ಯಾಟರಿಯಿಂದ ಫೋನಿಗೆ ಕರೆಂಟು

ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯಂಥ ಕಬ್ಬು-ಭತ್ತದ ಸೀಮೆಯಲ್ಲಿ ಫೋನು ಬರೀ ಮಾತಿಗಲ್ಲ. ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ ರೈತರು ಮನೆಯಲ್ಲೇ ಕೂತು ಮೋಟಾರು ಆನ್ ಮಾಡುತ್ತಾರೆ. ಹೀಗಿರುವಾಗ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಊರೇ ಕತ್ತಲಾದರೆ ಬೇಗ ಕಾಡುವ ಚಿಂತೆ ಫೋನಿನ ಚಾರ್ಜಿನದು. ಜಗಲಿ ಪಕ್ಕ ಎಲೆಕ್ಟ್ರಿಕ್ ಸ್ಕೂಟರ್ ಇದ್ದರೆ ಕಣ್ಣು ಅದರತ್ತ ಹೋಗುವುದು ಸಹಜ.

ಅದರೊಳಗೆ ಎಷ್ಟು ಕರೆಂಟಿದೆ? ಬೆಂಗಳೂರಿನ ಏಥರ್ ಕಂಪನಿ 2024ರಲ್ಲಿ ತಂದ ರಿಜ್ಟಾ ಸ್ಕೂಟರಿನ ಸಣ್ಣ ಬ್ಯಾಟರಿಯ ಸಾಮರ್ಥ್ಯ 2.9 ಕಿಲೋವ್ಯಾಟ್ ಅವರ್, ಅಂದರೆ ಮನೆ ಮೀಟರಿನ ಲೆಕ್ಕದಲ್ಲಿ 2.9 ಯೂನಿಟ್. 5,000 ಎಂಎಎಚ್ ಫೋನಿಗೆ ಬೇಕಾದದ್ದು ಸುಮಾರು 19 ವ್ಯಾಟ್ ಅವರ್. ನಡುವೆ ಶಾಖವಾಗಿ ಸೋರಿಹೋಗುವುದನ್ನೂ ಸೇರಿಸಿ 24 ಎಂದಿಟ್ಟುಕೊಂಡರೂ ತುಂಬಿದ ಸ್ಕೂಟರು ಒಂದು ಫೋನನ್ನು 120 ಸಲ ತುಂಬಿಸೀತು. ಇಂಥ ಸ್ಕೂಟರ್ ಒಂದು ಕಿಲೋಮೀಟರ್ ಓಡಲು 25ರಿಂದ 30 ವ್ಯಾಟ್ ಅವರ್ ತಿನ್ನುತ್ತದೆ. ಹಾಗಾಗಿ ಒಂದು ಫೋನ್ ಚಾರ್ಜಿಗೆ ಕಳೆದುಕೊಳ್ಳುವ ಓಟ ಒಂದು ಕಿಲೋಮೀಟರಿಗಿಂತ ತುಸು ಕಡಿಮೆ.

ಕರೆಂಟಿಗೆ ಬರವಿಲ್ಲ. ತೊಡಕಿರುವುದು ವೋಲ್ಟೇಜಿನಲ್ಲಿ.

ಸ್ಕೂಟರ್ ಬ್ಯಾಟರಿ ಸಾಮಾನ್ಯವಾಗಿ 50 ವೋಲ್ಟಿನ ಆಸುಪಾಸಿನದು. 3.6 ವೋಲ್ಟಿನ ಲಿಥಿಯಂ ಸೆಲ್‌ಗಳನ್ನು 14 ಸಾಲಾಗಿ ಜೋಡಿಸಿದರೆ 50 ಆಗುತ್ತದೆ; ಪೂರ್ತಿ ತುಂಬಿದಾಗ ಅದೇ 58.8ಕ್ಕೆ ಏರುತ್ತದೆ. ಫೋನು ಕೇಳುವುದು 5 ವೋಲ್ಟ್, ವೇಗದ ಚಾರ್ಜಿಂಗ್‌ಗೆ 9 ವೋಲ್ಟ್. ನಡುವೆ ಒಂದು ರೆಸಿಸ್ಟರ್ ಇಟ್ಟು ವೋಲ್ಟೇಜು ಇಳಿಸಹೊರಟರೆ, ಫೋನಿಗೆ 2 ಆಂಪಿಯರಿನಲ್ಲಿ 10 ವ್ಯಾಟ್ ಕೊಡಲು 90 ವ್ಯಾಟ್ ಬಿಸಿಯಾಗಿ ಹೋಗುತ್ತದೆ. ಅದಕ್ಕೇ ಡಿಸಿ-ಡಿಸಿ ಕನ್ವರ್ಟರ್ ಬೇಕು. ಅದು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ಕರೆಂಟನ್ನು ಬಿಟ್ಟು ಬಿಟ್ಟು ಕೊಡುತ್ತದೆ. ಕಾಲುವೆಯ ತೂಬನ್ನು ಗಳಿಗೆಗೊಮ್ಮೆ ಎತ್ತಿ ಇಳಿಸಿ ಗದ್ದೆಗೆ ಒಂದೇ ಹದದ ನೀರು ಹಾಯಿಸಿದ ಹಾಗೆ. ಆ ತುಂಡು ತುಂಡು ಕರೆಂಟನ್ನು ತಾಮ್ರದ ಸುರುಳಿ ಮತ್ತು ಕೆಪಾಸಿಟರ್ ನಯಗೊಳಿಸುತ್ತವೆ. ಸೋರಿಕೆ ಬಹಳ ಕಡಿಮೆ.

ಲೈಟು, ಹಾರ್ನುಗಳಿಗಾಗಿ 12 ವೋಲ್ಟ್ ಕೊಡುವ ಇಂಥದೊಂದು ಕನ್ವರ್ಟರ್ ಸ್ಕೂಟರಿನಲ್ಲಿ ಇದ್ದೇ ಇರುತ್ತದೆ. ಟಿವಿಎಸ್ ಐಕ್ಯೂಬ್‌ನಲ್ಲಿ ಯುಎಸ್‌ಬಿ ಪೋರ್ಟ್ ಇದೆ. ರಿಜ್ಟಾಕ್ಕೆ ಸೀಟಿನಡಿ 18 ವ್ಯಾಟಿನ ಚಾರ್ಜರನ್ನು ಪ್ರತ್ಯೇಕವಾಗಿ ಹಾಕಿಸಿಕೊಳ್ಳಬಹುದು. ಕಂಪನಿಯೇ ಕೊಟ್ಟ ಇಂಥ ದಾರಿ ಇರುವಾಗ ಬೇರೆ ದಾರಿ ಹುಡುಕಲೇಬಾರದು.

ಆದರೂ ಹುಡುಕುವವರಿದ್ದಾರೆ. ಬ್ಯಾಟರಿ ಪ್ಯಾಕ್ ಬಿಚ್ಚಿ ಮೊದಲ ಮೂರ್ನಾಲ್ಕು ಸೆಲ್‌ಗಳಿಂದಷ್ಟೇ ವೈರು ಎಳೆದು 12 ವೋಲ್ಟ್ ಪಡೆಯುವುದು ಅಪಾಯದ ಕೆಲಸ. ಆ ಸೆಲ್‌ಗಳು ಮಾತ್ರ ಬೇಗ ಬರಿದಾಗಿ, ಉಳಿದವು ತುಂಬಿಯೇ ಇರುತ್ತವೆ. ಎಲ್ಲವನ್ನೂ ಸಮತೋಲದಲ್ಲಿಡುವ ಬಿಎಂಎಸ್ ಎಂಬ ಕಾವಲು ಸರ್ಕ್ಯೂಟಿಗೆ ಈ ಅಂತರ ಸರಿಪಡಿಸುವ ಶಕ್ತಿ ಇರದು. ಅತಿಯಾಗಿ ಬರಿದಾದ ಲಿಥಿಯಂ ಸೆಲ್‌ಗೆ ಮತ್ತೆ ಚಾರ್ಜು ತುಂಬಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು. 2022ರಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಗಳ ಎಐಎಸ್-156 ನಿಯಮವನ್ನು ಬಿಗಿಗೊಳಿಸಿತು. ಅದೇ ಡಿಸೆಂಬರಿನಿಂದ ಹಂತ ಹಂತವಾಗಿ ಜಾರಿಯೂ ಆಯಿತು. ಪ್ಯಾಕ್ ಬಿಚ್ಚಿದ ಗಳಿಗೆಯಲ್ಲೇ ಆ ರಕ್ಷಣೆ ಮುಗಿಯುತ್ತದೆ.

ಫೋನಿನಾಚೆಗೂ ಕೆಲವು ಕೆಲಸ ನಡೆದಾವು. 9 ವ್ಯಾಟಿನ ಎಲ್ಇಡಿ ಬಲ್ಬು, ಮಕ್ಕಳ ಲ್ಯಾಪ್‌ಟಾಪು, ವೈಫೈ ರೌಟರ್ ಇವೆಲ್ಲ ಬ್ಯಾಟರಿಗೆ ಹಗುರ; ಆದರೆ ಒಟ್ಟಿಗೆ ಹಾಕಿದರೆ ಆ ಪುಟ್ಟ ಯುಎಸ್‌ಬಿ ಪೋರ್ಟಿಗೆ ಭಾರ. ಹೋಂಡಾ ಕಂಪನಿ ತನ್ನ ಸ್ಕೂಟರುಗಳಿಂದ ಹೊರತೆಗೆಯಬಹುದಾದ ಬ್ಯಾಟರಿಯನ್ನು ಕೂರಿಸಿ ಮನೆ ಬಳಕೆಯ ಕರೆಂಟು ಪಡೆಯುವ ಪೆಟ್ಟಿಗೆಯನ್ನೇ ರೂಪಿಸಿದೆ. ಪಂಪ್‌ಸೆಟ್ಟಿನ ಆಸೆ ಮಾತ್ರ ಬೇಡ. 3 ಎಚ್‌ಪಿ ಮೋಟಾರು ಗಂಟೆಗೆ ಹತ್ತಿರಹತ್ತಿರ 3 ಯೂನಿಟ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು ಕರೆಂಟು ಕೇಳುತ್ತದೆ.