ಬಸಿಯದ ಪಾಸ್ಟಾ: ಒಂದೇ ಪಾತ್ರೆಯ ರಾತ್ರಿಯೂಟ

ಕೋಳಿ, ತರಕಾರಿ, ಪಾಸ್ಟಾ ಮೂರನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ಒಲೆಯ ಮೇಲೆ ಸುಮಾರು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ಅಡುಗೆ ನಿಂತಿರುವುದು ನೀರಿನ ಅಳತೆಯ ಮೇಲೆ. ಇಟಲಿಯ ರೂಢಿಯಲ್ಲಿ 100 ಗ್ರಾಂ ಪಾಸ್ಟಾಗೆ ಒಂದು ಲೀಟರಿನಂತೆ ಉಪ್ಪುನೀರು ಕುದಿಸಿ, ಅದರಲ್ಲಿ ಪಾಸ್ಟಾ ಬೇಯಿಸಿ, ನೀರು ಬಸಿದು, ಪಕ್ಕದ ಒಲೆಯಲ್ಲಿ ಸಿದ್ಧವಾದ ಸಾಸಿಗೆ ಬೆರೆಸುತ್ತಾರೆ. ಗಂಜಿ ಬಸಿದು ಅನ್ನ ಮಾಡುವ ಕ್ರಮ ಅದು. ಒಂದೇ ಪಾತ್ರೆಯದು ಪಲಾವಿನ ಕ್ರಮ: ಒಗ್ಗರಣೆ, ಮಾಂಸ, ತರಕಾರಿ, ಅಳೆದ ನೀರು, ಕೊನೆಗೆ ಅಕ್ಕಿ. ಹಾಕಿದ ನೀರಿನಲ್ಲಿ ಒಂದಷ್ಟು ಪಾಸ್ಟಾ ಹೀರುತ್ತದೆ, ಒಂದಷ್ಟು ಆವಿಯಾಗುತ್ತದೆ, ಮಿಕ್ಕದ್ದು ಗೊಜ್ಜಾಗಿ ನಿಲ್ಲುತ್ತದೆ. ಚಿಕನ್ ಪಲಾವ್ ಮಾಡಿ ಗೊತ್ತಿರುವ ಕೈಗೆ ಇದರಲ್ಲಿ ಹೊಸದಾಗಿ ಕಲಿಯುವುದು ಹೆಚ್ಚೇನಿಲ್ಲ.

ಅಮೆರಿಕದ ಮಾರ್ತಾ ಸ್ಟುವರ್ಟ್ ಅವರ ಪತ್ರಿಕೆ 2013ರಲ್ಲಿ ಪಾಸ್ಟಾ, ಟೊಮೆಟೊ, ಈರುಳ್ಳಿ, ಬೆಳ್ಳುಳ್ಳಿಗಳನ್ನು ಒಟ್ಟಿಗೆ ಬಾಣಲೆಗೆ ಹಾಕಿ ಬೇಯಿಸುವ ವಿಧಾನ ಪ್ರಕಟಿಸಿದ ಮೇಲೆ ಈ ಅಡುಗೆ ಜಗತ್ತಿನೆಲ್ಲೆಡೆ ಹಬ್ಬಿತು. ಕೋಳಿ ಸೇರಿದ್ದು, ಖಾರ ಏರಿದ್ದು ಆಯಾ ಊರಿನವರ ಕೈಚಳಕ.

ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರಕ್ಕೆ ಇಂಥ ಊಟ ಒಗ್ಗುವಂಥದು. ಜಿಟಿಆರ್‌ಇ, ಎಲ್‌ಆರ್‌ಡಿಇಯಂಥ ರಕ್ಷಣಾ ಪ್ರಯೋಗಾಲಯಗಳು, ಬಾಗ್ಮನೆ ಟೆಕ್ ಪಾರ್ಕ್, ಸುತ್ತ ನಾಗವಾರಪಾಳ್ಯ, ಕಗ್ಗದಾಸಪುರ, ಮಲ್ಲೇಶಪಾಳ್ಯದ ಗಲ್ಲಿಗಳಲ್ಲಿ ಬಾಡಿಗೆ ಮನೆಗಳು. ಅಂಥ ಮನೆಗಳಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರ್ ಇಷ್ಟರಲ್ಲೇ ಸಂಸಾರ ತೂಗಿಸುವವರು ಬಹಳ. ಸಂಜೆಯ ಟ್ರಾಫಿಕ್ಕಿನಲ್ಲಿ ಸುರಂಜನ್ ದಾಸ್ ರಸ್ತೆ ದಾಟಿ ಮನೆ ಸೇರುವಾಗ ಎಂಟು ಗಂಟೆ ಕಳೆದಿರುತ್ತದೆ. ಆಮೇಲೆ ಮೂರು ಪಾತ್ರೆ ತೊಳೆಯುವ ಉಮೇದು ಯಾರಿಗಿದ್ದೀತು? ನೀರಿನ ಮಾತೂ ಇದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ಟ್ಯಾಂಕರ್ ನೀರಿಗೆ ಪರದಾಡಿತ್ತು. 250 ಗ್ರಾಂ ಪಾಸ್ಟಾಗೆ ಎರಡೂವರೆ ಲೀಟರ್ ನೀರು ಕಾಯಿಸಿ ಬಚ್ಚಲಿಗೆ ಚೆಲ್ಲುವುದು ಕ್ಯಾನ್ ನೀರು ಕೊಂಡು ಅಡುಗೆ ಮಾಡುವವರಿಗೆ ದುಬಾರಿಯೇ.

ಬಡಾವಣೆಗೆ ಹೆಸರು ಕೊಟ್ಟ ವಿಜ್ಞಾನಿ ಬೆಳಕಿನ ಮೇಲೆ ಕೆಲಸ ಮಾಡಿದವರು. ಈ ಅಡುಗೆಗೆ ಬೇಕಾದ ಭೌತವಿಜ್ಞಾನ ಮಾತ್ರ ಶಾಖದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಅಷ್ಟು ಕಡಿಮೆಯಾದ್ದರಿಂದ ಇಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಪೊಟ್ಟಣದ ಮೇಲೆ ಹತ್ತು ನಿಮಿಷ ಎಂದು ಅಚ್ಚಾಗಿದ್ದರೆ ಇಲ್ಲಿ ಹನ್ನೊಂದು ಹನ್ನೆರಡು ನಿಮಿಷ ಹಿಡಿಯುವುದು ಸಹಜ. ಟೊಮೆಟೊ ಹುಳಿ ಬೆರೆತ ಗಟ್ಟಿ ರಸದಲ್ಲಿ ಇನ್ನೂ ಒಂದು ನಿಮಿಷ ಹೆಚ್ಚಾದೀತು. ಗಡಿಯಾರ ನೋಡುವುದಕ್ಕಿಂತ ಒಂದು ತುಂಡನ್ನು ಕಚ್ಚಿ ನೋಡುವುದೇ ಸರಿಯಾದ ಪರೀಕ್ಷೆ: ನಡುವೆ ಬಿಳಿ ಚುಕ್ಕೆ ಕಾಣಬಾರದು, ಹಲ್ಲಿಗೆ ಸ್ವಲ್ಪ ಬಿಗಿ ಸಿಗಬೇಕು.

ಪಾಸ್ಟಾ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಬೇಕು. ಡ್ಯೂರಮ್ ಗೋಧಿಯ ರವೆ ಎಂದಿದ್ದರೆ ಒಳ್ಳೆಯದು. ಮೈದಾ ಎಂದಿದ್ದರೆ ಈ ಕ್ರಮಕ್ಕೆ ಅದು ಆಗುವುದಿಲ್ಲ. ಡ್ಯೂರಮ್ ಗಟ್ಟಿ ಜಾತಿಯ ಗೋಧಿ. ಅದರ ಪ್ರೋಟೀನು ಬಲೆಯಂತೆ ಹೆಣೆದುಕೊಂಡು ಪಿಷ್ಟವನ್ನು ಹಿಡಿದಿಡುತ್ತದೆ, ಆದ್ದರಿಂದ ಬೆಂದ ಮೇಲೂ ಆಕಾರ ಉಳಿಯುತ್ತದೆ. ಮೈದಾದ್ದು ರಸದಲ್ಲೇ ಕರಗಿ ಅಂಬಲಿಯಾಗುತ್ತದೆ. ಉತ್ತರ ಕರ್ನಾಟಕದ ಎರೆಹೊಲಗಳಲ್ಲೂ ಡ್ಯೂರಮ್ ಬೆಳೆಯುತ್ತಾರೆ. ಗೋಧಿಯ ಕಣಕ ನಾದಿ ಶಾವಿಗೆ ಹೊಸೆಯುವುದು, ಗವಲಿ ಮಾಡಿ ಬಿಸಿಲಿಗೆ ಒಣಗಿಸುವುದು ಆ ಸೀಮೆಯಲ್ಲಿ ಹಳೆಯ ಕೆಲಸ. ಒಣಗಿಸಿ ಕೂಡಿಟ್ಟು ಬೇಕಾದಾಗ ಬೇಯಿಸುವ ಲೆಕ್ಕದಲ್ಲಿ ಪಾಸ್ಟಾ ಆ ಮನೆತನದ್ದೇ. ಆಕಾರಗಳಲ್ಲಿ ಪೆನ್ನೆ, ತಿರುಚಿದ ಫುಸಿಲ್ಲಿ, ಮ್ಯಾಕರೋನಿ ಕೈಯಾಡಿಸಲು ಸುಲಭ. ಉದ್ದನೆಯ ಸ್ಪಗೆಟ್ಟಿ ಸಣ್ಣ ಕುಕ್ಕರಿನಲ್ಲಿ ಹಿಡಿಯುವುದೂ ಇಲ್ಲ, ಒಂದಕ್ಕೊಂದು ಅಂಟಿಕೊಳ್ಳುವುದೂ ತಪ್ಪುವುದಿಲ್ಲ.

ಕೋಳಿಯಲ್ಲಿ ತೊಡೆಯ ಭಾಗವೇ ಮೇಲು. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ. ಪಾಸ್ಟಾ ಬೇಯುವ ಹನ್ನೆರಡು ನಿಮಿಷವೂ ಅದು ರಸದಲ್ಲೇ ಕುದಿದರೆ ನಾರುನಾರಾಗುತ್ತದೆ. ತೊಡೆಯದು ಬೆಂದಷ್ಟೂ ಮೆದುವಾಗಿ ರಸಕ್ಕೂ ರುಚಿ ಬಿಡುತ್ತದೆ. ಅಂಗಡಿಯಲ್ಲಿ ‘ಲೆಗ್ ಬೋನ್‌ಲೆಸ್’ ಎಂದು ಕೇಳಿದರೆ ಮೂಳೆ ಬಿಡಿಸಿ ಕೊಡುತ್ತಾರೆ. ಎದೆಯದೇ ಸಿಕ್ಕರೆ ಮೊದಲು ಹುರಿದು ತಟ್ಟೆಗೆ ತೆಗೆದಿಟ್ಟು, ಕೊನೆಯ ಐದು ನಿಮಿಷಕ್ಕೆ ಮತ್ತೆ ಹಾಕಬೇಕು. ಅರಿಶಿನ ಉಪ್ಪು ಸವರಿ ಮಾಂಸ ತೊಳೆಯುವುದು ನಮ್ಮ ಮನೆಗಳ ರೂಢಿ. ಜೋರಾಗಿ ಬಿಟ್ಟ ನಲ್ಲಿಯ ಕೆಳಗೆ ಹಿಡಿದರೆ ಸಿಡಿದ ಹನಿಗಳ ಜೊತೆ ರೋಗಾಣುಗಳೂ ಸುತ್ತಲಿನ ಪಾತ್ರೆ, ತರಕಾರಿಗೆ ಹಾರುತ್ತವೆ. ತೊಳೆಯಲೇಬೇಕೆಂದಿದ್ದರೆ ಬೋಗುಣಿಯಲ್ಲಿ ಅದ್ದಿ ತೆಗೆಯುವುದು ಕ್ಷೇಮ.

ನಾಲ್ವರಿಗೆ ಅಳತೆ ಹೀಗೆ: ಪಾಸ್ಟಾ 250 ಗ್ರಾಂ, ಮೂಳೆಯಿಲ್ಲದ ಕೋಳಿ 300 ಗ್ರಾಂ, ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಆರೇಳು ಎಸಳು, ಟೊಮೆಟೊ ಮೂರು, ಕ್ಯಾರೆಟ್ ಒಂದು, ಬೀನ್ಸ್ ಹತ್ತು, ದಪ್ಪ ಮೆಣಸಿನಕಾಯಿ ಒಂದು, ಬಟಾಣಿ ಒಂದು ಹಿಡಿ, ಎಣ್ಣೆ ಎರಡು ದೊಡ್ಡ ಚಮಚ, ನೀರು 700 ಮಿಲಿ, ಹಾಲು ಅರ್ಧ ಲೋಟ. ಪಾಲಕ್, ಬ್ರೊಕೋಲಿ, ಅಣಬೆ ಇದ್ದರೆ ಅವೂ ಆದೀತು. ಟೊಮೆಟೊ ಮಾತ್ರ ನೋಡಿ ಆರಿಸಬೇಕು. ನಾಟಿ ಟೊಮೆಟೊಗೆ ಹುಳಿ, ರಸ ಎರಡೂ ಹೆಚ್ಚು. ಸಾರಿಗೆ ಅದು ಶ್ರೇಷ್ಠ, ಇಲ್ಲಿ ಮೂರರ ಬದಲು ಎರಡು ಸಾಕು. ಫಾರಂ ಟೊಮೆಟೊ ತಿರುಳು ಹೆಚ್ಚಿದ್ದು, ಗೊಜ್ಜು ಗಟ್ಟಿಯಾಗಿ ಬರುತ್ತದೆ.

ಅಗಲ ತಳದ ದಪ್ಪ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಉಪ್ಪು, ಮೆಣಸಿನ ಪುಡಿ ಸವರಿದ ಕೋಳಿ ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಬೇಕು. ಎರಡು ನಿಮಿಷ ಕೈಯಾಡಿಸದೆ ಬಿಟ್ಟರೆ ಅಡಿಭಾಗ ಕಂದುಬಣ್ಣಕ್ಕೆ ತಿರುಗುತ್ತದೆ. ತಳಕ್ಕೆ ಹತ್ತಿದ ಆ ಕಂದು ಪದರದಲ್ಲೇ ಇಡೀ ಅಡುಗೆಯ ರುಚಿ ಇದೆ. ಅದನ್ನು ಕೆರೆದು ಬಿಸಾಡಬಾರದು, ಕರಕಲಾಗಲೂ ಬಿಡಬಾರದು. ಅದರ ಮೇಲೆಯೇ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ, ಬೀನ್ಸ್, ಕ್ಯಾರೆಟ್ ಹಾಕಿ ಮೂರು ನಾಲ್ಕು ನಿಮಿಷ ಹುರಿಯಬೇಕು. ಟೊಮೆಟೊ ಬೀಳುವುದು ಇದಾದ ಮೇಲೆ. ಹುಳಿಯಲ್ಲಿ ತರಕಾರಿಯ ನಾರು ಬೇಗ ಮೆತ್ತಗಾಗುವುದಿಲ್ಲ. ಹುಣಸೆರಸ ಮೊದಲೇ ಬಿದ್ದ ಸಾಂಬಾರಿನ ಬೀನ್ಸ್ ಎಷ್ಟು ಕುದಿಸಿದರೂ ಗರಿಗರಿ ಉಳಿಯುವುದಕ್ಕೆ ಇದೇ ಕಾರಣ.

ಟೊಮೆಟೊ ಕರಗಿ ಎಣ್ಣೆ ಬಿಟ್ಟಾಗ ಬಿಸಿನೀರು ಸುರಿದು, ಸೌಟಿನಿಂದ ತಳ ತಿಕ್ಕಿ ಕಂದು ಪದರವನ್ನು ಬಿಡಿಸಿ ನೀರಿಗೆ ಬೆರೆಸಬೇಕು. ನೀರು ಕುದಿ ಬಂದ ಮೇಲೆ ಪಾಸ್ಟಾ, ಬಟಾಣಿ. ಉಪ್ಪಿನಲ್ಲಿ ಎಚ್ಚರ ಬೇಕು: ಬಸಿಯುವ ಕ್ರಮದಲ್ಲಿ ಹಾಕಿದ ಉಪ್ಪಿನ ಬಹುಪಾಲು ನೀರಿನೊಂದಿಗೆ ಹೋಗುತ್ತದೆ, ಇಲ್ಲಿ ಹಾಕಿದ್ದೆಲ್ಲ ತಟ್ಟೆಗೇ ಬರುತ್ತದೆ. ಒಂದು ಸಣ್ಣ ಚಮಚದಿಂದ ಆರಂಭಿಸಿ ಕೊನೆಗೆ ರುಚಿ ನೋಡಿ ಹೊಂದಿಸಿಕೊಳ್ಳಬೇಕು. ಮೊದಲ ಎರಡು ನಿಮಿಷ ಬಿಡದೆ ಕೈಯಾಡಿಸಬೇಕು. ಪಾಸ್ಟಾದ ಹೊರಪದರದ ಪಿಷ್ಟ ಆಗಲೇ ಉಬ್ಬಿ ಅಂಟಾಗುವುದು. ಆ ಹೊತ್ತಿನಲ್ಲಿ ಬಿಟ್ಟರೆ ಮುದ್ದೆಗಟ್ಟುತ್ತದೆ. ಆಮೇಲೆ ಅರ್ಧ ಮುಚ್ಚಳ ಮುಚ್ಚಿ, ನಡುಉರಿಯಲ್ಲಿ ಆಗೊಮ್ಮೆ ಈಗೊಮ್ಮೆ ಸೌಟಾಡಿಸಿದರೆ ಸಾಕು. ನೀರಿಗಿಳಿದ ಪಿಷ್ಟವೇ ರಸವನ್ನು ಗಟ್ಟಿ ಮಾಡುವುದರಿಂದ ಕ್ರೀಮಿನ ಹಂಗಿಲ್ಲ. ಹತ್ತನೇ ನಿಮಿಷಕ್ಕೇ ನೀರು ಇಂಗಿದ್ದರೆ ಅರ್ಧ ಲೋಟ ಬಿಸಿನೀರು ಸೇರಿಸಬಹುದು. ದಪ್ಪ ಮೆಣಸಿನಕಾಯಿ, ಪಾಲಕ್ ಕೊನೆಯ ಮೂರು ನಿಮಿಷಕ್ಕೆ. ಇಳಿಸುವ ಮೊದಲು ಅತಿ ದೊಡ್ಡ ಕೋಳಿ ತುಂಡನ್ನು ಮುರಿದು ನೋಡಬೇಕು; ಒಳಗೆ ಗುಲಾಬಿ ಬಣ್ಣ ಉಳಿದಿರಬಾರದು. ಅಡುಗೆ ಥರ್ಮಾಮೀಟರ್ ಇದ್ದವರಿಗೆ ಗುರುತು 74 ಡಿಗ್ರಿ.

ಹಾಲು ಒಲೆ ಆರಿಸಿದ ಮೇಲೆಯೇ. ಟೊಮೆಟೊ ಹುಳಿಯೂ ಕುದಿಯ ಶಾಖವೂ ಕೂಡಿದರೆ ಹಾಲು ಒಡೆದು ತರಿತರಿಯಾಗುತ್ತದೆ. ನಂದಿನಿಯ ನೀಲಿ ಪ್ಯಾಕೆಟ್ಟಿನ ಹಾಲಿನಲ್ಲಿ ಕೊಬ್ಬು ಶೇ. 3 ಮಾತ್ರ, ಅದಕ್ಕಿಂತ ಗಟ್ಟಿ ಹಾಲು ಆದರೆ ಒಡೆಯುವುದು ಕಡಿಮೆ. ಕಾಯಿಸಿ ಉಗುರುಬೆಚ್ಚಗಿರುವ ಹಾಲನ್ನು ನಿಧಾನವಾಗಿ ಬೆರೆಸಿ, ಇಷ್ಟವಿದ್ದರೆ ತುರಿದ ಚೀಸ್ ಉದುರಿಸಿ ಐದು ನಿಮಿಷ ಮುಚ್ಚಿಡಬೇಕು. ಖಾರ ಬೇಕೆನ್ನುವವರು ಕೊನೆಗೆ ಕುಟ್ಟಿದ ಬ್ಯಾಡಗಿ ಮೆಣಸಿನಕಾಯಿ ಉದುರಿಸಬಹುದು. ಗರಂ ಮಸಾಲೆ ಬೇಡ. ಪಾಸ್ಟಾದ ಗೋಧಿ ರುಚಿಯನ್ನೇ ಅದು ಮುಚ್ಚಿಬಿಡುತ್ತದೆ.

ಕುಕ್ಕರಿನಲ್ಲಿ ಮಾಡುವವರಿಗೆ ಇನ್ನೂ ಬೇಗ. ಸಿ.ವಿ. ರಾಮನ್ ನಗರದಿಂದ ಹಳೇ ಮದರಾಸು ರಸ್ತೆ ಹಿಡಿದು ಸಾಗಿದರೆ ಸಿಗುವ ದೂರವಾಣಿನಗರದಲ್ಲೇ ಪ್ರೆಸ್ಟೀಜ್ ಕುಕ್ಕರಿನ ಕಾರ್ಖಾನೆ ಇತ್ತು. ಇಲ್ಲಿನ ಮನೆಗಳಿಗೆ ಕುಕ್ಕರ್ ಹೊಸದೇನಲ್ಲ. ಮುಚ್ಚಿದ ಕುಕ್ಕರಿನೊಳಗೆ ಶಾಖ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಊರಿನ ಎತ್ತರದ ಲೆಕ್ಕ ಅಲ್ಲಿ ನಡೆಯದು. ಆವಿ ಹೊರಹೋಗುವುದು ಕಡಿಮೆಯಾದ್ದರಿಂದ ನೀರು 500 ಮಿಲಿ ಸಾಕು. ಒಂದು ಕೂಗು ಬಂದ ಕೂಡಲೇ ಉರಿ ಸಣ್ಣದು ಮಾಡಿ, ಮೂರು ನಿಮಿಷ ಬಿಟ್ಟು ಆರಿಸಿ, ಒತ್ತಡ ತಾನಾಗಿ ಇಳಿಯುವವರೆಗೆ ಕಾಯದೆ ವೆಯ್ಟನ್ನು ಸೌಟಿನಿಂದ ಜಾಗ್ರತೆಯಾಗಿ ಎತ್ತಿ ಆವಿ ಬಿಡಬೇಕು. ಹಾಗೇ ಬಿಟ್ಟರೆ ಪಾಸ್ಟಾ ಒಳಗೇ ಬೆಂದು ಕರಗುತ್ತದೆ. ಪಿಷ್ಟದ ನೊರೆ ಉಕ್ಕಿ ಆವಿಯ ಕಿಂಡಿಗೆ ಕಟ್ಟಿಕೊಳ್ಳುವ ಅಪಾಯ ಇರುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. ದಪ್ಪ ಮೆಣಸಿನಕಾಯಿ, ಹಾಲು ಮುಚ್ಚಳ ತೆಗೆದ ಮೇಲೆ.

ಈ ಪಾಸ್ಟಾ ಬಿಸಿಯಾಗಿರುವಾಗ ತುಸು ತೆಳ್ಳಗೆ ಕಂಡರೂ ತಟ್ಟೆಯಲ್ಲಿ ಹತ್ತು ನಿಮಿಷ ಇದ್ದರೆ ಗಟ್ಟಿಯಾಗುತ್ತದೆ. ಹಾಗಾಗಿ ಒಲೆಯ ಮೇಲೆಯೇ ನೀರೆಲ್ಲ ಇಂಗಿಸಬಾರದು. ಉಳಿದದ್ದನ್ನು ಎರಡು ಗಂಟೆಯೊಳಗೆ ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಬೇಕು; ಮರುದಿನ ನಾಲ್ಕು ಚಮಚ ನೀರು ಚಿಮುಕಿಸಿ ಹಬೆಯಾಡುವಷ್ಟು ಬಿಸಿ ಮಾಡಿದರೆ ಮಧ್ಯಾಹ್ನದ ಡಬ್ಬಿಗೆ ಆಗುತ್ತದೆ. ಎರಡನೇ ಸಲ ಬಿಸಿ ಮಾಡಿ ಮತ್ತೆ ಎತ್ತಿಡುವುದು ಬೇಡ.